ಹತ್ತು ನಿಮಿಷ ಆ ಬಟ್ಟೆಯನ್ನು ಎತ್ತಬೇಡಿ

ನಿನ್ನೆ ಬ್ರಹ್ಮಾವರದ ಅಕ್ಕನ ಮನೆಯಲ್ಲಿ ಆಟಿಯ ಪತ್ರೊಡೆ. ಒಳಗೆ ಅಕ್ಕ ಅಕ್ಕಿ ರುಬ್ಬುತ್ತಿದ್ದಳು. ಜಗಲಿಯಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದ ಅವಳ ಮಗನ ಕತ್ತಿ ಜಾರಿ ಎಡಗೈ ಹೆಬ್ಬೆರಳಿನ ಬುಡ ಒಂದೂವರೆ ಇಂಚು ಸೀಳಿತು. ಹುಡುಗ ಗಟ್ಟಿಗ, ಅಳಲಿಲ್ಲ. ನನಗೆ ಸಿಟ್ಟು ಬಂದದ್ದು ಆಮೇಲೆ ನಡೆದದ್ದನ್ನು ಕಂಡು.

ಭಾವ ಓಡಿಬಂದು ಬೈರಾಸು (ಟವೆಲು) ಸುತ್ತಿ ಒತ್ತಿ ಹಿಡಿದರು. ಅದು ಸರಿಯಾದ ಕೆಲಸ. ಆದರೆ ಅರ್ಧ ನಿಮಿಷ ಕೂಡ ಆಗಿರಲಿಲ್ಲ, "ನಿಂತಿತಾ, ಒಮ್ಮೆ ನೋಡುವ" ಎಂದು ಎತ್ತಿಯೇ ಬಿಟ್ಟರು. ನಿಂತಿರಲಿಲ್ಲ. ದೊಡ್ಡಮ್ಮ ಅರಿಶಿನ ತಂದರು, ಪಕ್ಕದ ಮನೆಯವರು ಕಾಫಿಪುಡಿ ತಂದರು. ಪ್ರತಿಯೊಬ್ಬರೂ ಬಂದಾಗ ಮತ್ತೆ ಬೈರಾಸು ಬಿಚ್ಚಿ ತೋರಿಸುವುದು, ಮತ್ತೆ ರಕ್ತ, ಮತ್ತೆ ಗಾಬರಿ. ತೋಟದಲ್ಲಿದ್ದ ನಾನು ಕೂಗು ಕೇಳಿ ಬರುವಷ್ಟರಲ್ಲಿ ನಾಲ್ಕು ಸಲ ಬಿಚ್ಚಿ ಆಗಿತ್ತು. "ರಕ್ತ ನಿಲ್ಲುವುದೇ ಇಲ್ಲವಲ್ಲ" ಎಂದು ಅಕ್ಕ ಅಳುತ್ತಿದ್ದಳು. ನಿಲ್ಲಲು ನೀವು ಬಿಟ್ಟರೆ ತಾನೆ?

ಇದೇ ಮನೆಯಲ್ಲಿ ಕಳೆದ ಮಳೆಗಾಲ ಭಾವನಿಗೆ ಡೆಂಗಿ ಬಂದಿತ್ತು. ಆಗ ದಿನಕ್ಕೆ ಮೂರು ಸಲ ನನಗೆ ಫೋನು: ಪ್ಲೇಟ್‌ಲೆಟ್ ಎಷ್ಟು, ಇಳಿಯಿತಾ, ಏರಿತಾ? ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕು ಎಂಬ ಲೆಕ್ಕ ನಮ್ಮ ಊರಿನ ಪ್ರತಿ ಮನೆಗೂ ಬಾಯಿಪಾಠ. ಉಡುಪಿ, ಮಂಗಳೂರಿನಲ್ಲಿ ಮಳೆ ಹಿಡಿದರೆ ಸಾಕು, ಬಸ್ಸಿನಲ್ಲೂ ಅದೇ ಮಾತು. ಆ ಪ್ಲೇಟ್‌ಲೆಟ್ ಮಾಡುವ ಕೆಲಸ ಏನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಣ್ಣೆದುರು ಅದು ಕೆಲಸಕ್ಕೆ ಇಳಿದಾಗ ಅದರ ಮೇಲಿನ ಬೈರಾಸು ಎತ್ತುತ್ತೇವೆ.

ಇಪ್ಪತ್ತು ವರ್ಷಗಳಿಂದ ಲ್ಯಾಬಿನಲ್ಲಿ ನಾನು ಅದನ್ನು ದಿನಾ ನೋಡುತ್ತೇನೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತವನ್ನು ತೆಳ್ಳಗೆ ಎಳೆದು, ಲೀಷ್ಮನ್ ಬಣ್ಣ ಹಾಕಿ, ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳ ನಡುವೆ ನೇರಳೆ ಬಣ್ಣದ ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಅಡ್ಡಳತೆ ಎರಡು ಮೂರು ಮೈಕ್ರಾನ್ ಅಷ್ಟೇ. ಅದಕ್ಕೆ ಕೋಶಕೇಂದ್ರವೂ ಇಲ್ಲ. ಮೂಳೆಯ ಮಜ್ಜೆಯಲ್ಲಿ ಮೆಗಾಕ್ಯಾರಿಯೋಸೈಟ್ ಎಂಬ ದೈತ್ಯ ಕೋಶವಿದೆ, ಅದರಿಂದ ಹರಿದು ಬಂದ ಚೂರು ಇದು. ಆಯುಸ್ಸು ಏಳರಿಂದ ಹತ್ತು ದಿನ. ಹೆಚ್ಚಿನವು ಯಾವ ಗಾಯವನ್ನೂ ಕಾಣದೆ ಸುತ್ತಾಡಿ ಸುತ್ತಾಡಿ ಸಾಯುತ್ತವೆ.

ಮಳೆ ಮುಗಿದ ಮೇಲೆ ನಮ್ಮ ಕಡೆ ತೋಡಿಗೆ (ಸಣ್ಣ ಹಳ್ಳಕ್ಕೆ) ಕಲ್ಲು ಮಣ್ಣಿನ ಒಡ್ಡು, ಅಂದರೆ ಕಟ್ಟ, ಕಟ್ಟುವುದನ್ನು ನೋಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ರಕ್ತನಾಳ ಕಡಿದ ಕೂಡಲೇ ಅದು ತಾನೇ ಬಿಗಿದುಕೊಂಡು ಹರಿವನ್ನು ಸಣ್ಣದು ಮಾಡುತ್ತದೆ. ನಾಳದ ಒಳಮೈ ನುಣುಪು, ಅಲ್ಲಿ ಪ್ಲೇಟ್‌ಲೆಟ್ ಅಂಟುವುದಿಲ್ಲ. ಕಡಿದ ಜಾಗದಲ್ಲಿ ಆ ನುಣುಪಿನ ಅಡಿಯ ಕೊಲಾಜೆನ್ ನಾರು ಹೊರಬೀಳುತ್ತದೆ. ರಕ್ತದಲ್ಲಿರುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನು ಆ ನಾರಿಗೆ ಅಂಟಿಕೊಂಡು, ರಭಸದಲ್ಲಿ ಹೋಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ಕಟ್ಟದ ಮೊದಲ ಸಾಲಿನ ಕಲ್ಲು ಬಿದ್ದದ್ದು ಆಗ. ನಿಂತ ಪ್ಲೇಟ್‌ಲೆಟ್ ಬಿಲ್ಲೆಯ ಆಕಾರ ಬಿಟ್ಟು ಮುಳ್ಳುಮುಳ್ಳಾಗುತ್ತದೆ, ಹೊಟ್ಟೆಯಲ್ಲಿದ್ದ ಎಡಿಪಿ ಎಂಬ ರಾಸಾಯನಿಕವನ್ನು ಹೊರಗೆ ಚೆಲ್ಲುತ್ತದೆ, ಥ್ರೊಂಬಾಕ್ಸೇನ್ ಎಂಬ ಇನ್ನೊಂದನ್ನು ಆಗಲೇ ತಯಾರಿಸಿ ಬಿಡುತ್ತದೆ. ಅದು ಉಳಿದವುಗಳಿಗೆ ಹೋಗುವ ಕರೆ. ಅವು ಬಂದು ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನಿನ ಸೇತುವೆಯಿಂದ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಇಷ್ಟಾದರೂ ಅದು ಸಡಿಲವಾದ ಕಟ್ಟ, ಕಲ್ಲಿನ ಸಂದಿಗೆ ಮಣ್ಣು ಬಿದ್ದಿಲ್ಲ. ಮೇಲೆ ಥ್ರೊಂಬಿನ್ ಎಂಬ ಕಿಣ್ವ ಹುಟ್ಟಿ ಫೈಬ್ರಿನ್ ಎಳೆಗಳ ಬಲೆ ನೆಯ್ದ ಮೇಲೆಯೇ ಗಟ್ಟಿ. ಅದಕ್ಕೆ ಕೆಲವು ನಿಮಿಷ ಬೇಕು. ನೀವು ಒತ್ತಿ ಹಿಡಿದಾಗ ಹರಿವಿನ ರಭಸ ಇಳಿದು ಆ ನಿಮಿಷಗಳು ಅದಕ್ಕೆ ಸಿಗುತ್ತವೆ.

ತೋಡಿನಲ್ಲಿ ಕಟ್ಟ ಕಟ್ಟುತ್ತಿರುವಾಗ ಯಾರಾದರೂ ನೀರು ನಿಂತಿತಾ ನೋಡುವ ಎಂದು ಅಡಿಯ ಕಲ್ಲು ಎಳೆದರೆ ನೀವು ಸುಮ್ಮನಿರುತ್ತೀರಾ? ಬೈರಾಸು ಎತ್ತುವುದು ಅದೇ ಕೆಲಸ. ಹಸಿ ಹೆಪ್ಪು ಬಟ್ಟೆಗೆ ಅಂಟಿರುತ್ತದೆ. ಎತ್ತಿದರೆ ಅದೂ ಕಿತ್ತು ಬರುತ್ತದೆ.

ಇದೇನು ನಿನ್ನೆ ಮೊನ್ನೆ ಗೊತ್ತಾದ ವಿಷಯವಲ್ಲ. 1882ರಲ್ಲಿಯೇ ಇಟಲಿಯ ಜೂಲಿಯೋ ಬಿಜ್ಜೊಜೆರೊ ಜೀವಂತ ಪ್ರಾಣಿಯ ಸಣ್ಣ ರಕ್ತನಾಳಕ್ಕೆ ಪೆಟ್ಟು ಮಾಡಿ, ಪೆಟ್ಟಾದ ಜಾಗಕ್ಕೆ ಈ ಕಣಗಳು ಬಂದು ಅಂಟುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು.

ದೊಡ್ಡಮ್ಮನಿಗೆ ಬೇಸರವಾಗಿದೆ. "ನಮ್ಮ ಕಾಲದಲ್ಲಿ ಅರಿಶಿನ ಹಾಕಿಯೇ ಎಲ್ಲರ ಗಾಯ ನಿಂತಿತ್ತು" ಎಂದರು. ನಿಂತಿತ್ತು, ಒಪ್ಪುತ್ತೇನೆ. ಅರಿಶಿನ ಹಾಕಿ ಗಟ್ಟಿಯಾಗಿ ಅಮುಕಿ ಹಿಡಿಯುತ್ತಿದ್ದರು, ಅಷ್ಟರಲ್ಲಿ ಪ್ಲೇಟ್‌ಲೆಟ್ ತನ್ನ ಕೆಲಸ ಮುಗಿಸುತ್ತಿತ್ತು, ಹೆಸರು ಅರಿಶಿನಕ್ಕೆ ಬರುತ್ತಿತ್ತು. ಸೀಳಿದ ಗಾಯದೊಳಗೆ ಅಡುಗೆಮನೆಯ ಪುಡಿ ತುಂಬಿದರೆ ಹೊಲಿಗೆಗೆ ಮೊದಲು ಡಾಕ್ಟರು ಅದನ್ನು ಪೂರ್ತಿ ತೊಳೆದು ತೆಗೆಯಬೇಕು. ಆ ಉರಿಯನ್ನು ಅನುಭವಿಸುವವನು ನಮ್ಮ ಹುಡುಗ. ಇದರ ಬಗ್ಗೆ ನಾನು ಇನ್ನು ವಾದ ಮಾಡುವುದಿಲ್ಲ.

"ನೋಡದಿದ್ದರೆ ನಿಂತದ್ದು ಗೊತ್ತಾಗುವುದು ಹೇಗೆ" ಎಂದರು ಭಾವ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಟ್ಟು ಒತ್ತಿ, ಅಡಿಯದನ್ನು ತೆಗೆಯಬೇಡಿ. ಗಡಿಯಾರ ನೋಡಿ, ಗಾಯವನ್ನಲ್ಲ. ರಕ್ತ ಚಿಮ್ಮುತ್ತಿದ್ದರೆ ಕಾಯುವ ಮಾತೇ ಇಲ್ಲ, ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಬೇಕು. ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿದರೂ ನಿಲ್ಲದಿದ್ದರೂ ಹಾಗೆಯೇ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವ ನನ್ನ ಅಮ್ಮನಂಥವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಆ ಮಾತ್ರೆ ಥ್ರೊಂಬಾಕ್ಸೇನ್ ತಯಾರಿಗೆ ಬೇಕಾದ ಕಿಣ್ವವನ್ನೇ ಕೆಡಿಸುತ್ತದೆ. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಕೆಟ್ಟ ಕಿಣ್ವವನ್ನು ಮತ್ತೆ ಮಾಡಿಕೊಳ್ಳಲಾರದು, ಸಾಯುವ ತನಕ ಹಾಗೆಯೇ. ಹಾಗೆಂದು ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಗಾಯವಾದಾಗ ತಾಳ್ಮೆ ಹೆಚ್ಚು ಬೇಕು ಅಷ್ಟೇ.

ಎತ್ತಬೇಡಿ ಎಂದು ಇಷ್ಟು ಹೇಳುವ ನಾನು ಒಮ್ಮೆ ಎತ್ತಿದ್ದೇನೆ. ಮಗಳಿಗೆ ಆರು ವರ್ಷವಾಗಿದ್ದಾಗ ಬಾವಿಕಟ್ಟೆಯ ಬಳಿ ಬಿದ್ದು ಹುಬ್ಬಿನ ಮೇಲೆ ಒಡೆಯಿತು. ದಿನಾ ನೋಡುವ ರಕ್ತವೇ, ಆದರೆ ಅವಳ ಮುಖದ ಮೇಲೆ ಇಳಿಯುವಾಗ ನಾನು ಕಲಿತದ್ದೊಂದೂ ನೆನಪಾಗಲಿಲ್ಲ. ಮೂರು ಸಲ ಕೈ ತೆಗೆದು ನೋಡಿದೆ. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಮಾತಾಡದೆ, ಅವಳ ಹಣೆ ಒತ್ತಿ ಹಿಡಿದು ಕುಳಿತವಳು ನನ್ನ ಹೆಂಡತಿ. ಎಂಟನೇ ತರಗತಿ ಓದಿದವಳು. ಭಾವನ ಮೇಲೆ ನಿನ್ನೆ ರೇಗಿದ್ದಕ್ಕೆ ರಾತ್ರಿ ಮಲಗಿದ ಮೇಲೆ ಸಂಕಟವಾಯಿತು. ಹೆದರಿಕೆಗೆ ಕೈ ಸುಮ್ಮನಿರುವುದಿಲ್ಲ, ಅದು ನನಗೆ ಗೊತ್ತು.

ನಿನ್ನೆ ಹುಡುಗನನ್ನು ಜಗಲಿಯ ಕಂಬಕ್ಕೆ ಒರಗಿಸಿ, ಕೈಯನ್ನು ಎದೆಗಿಂತ ಮೇಲೆ ಎತ್ತಿಸಿ, ಶುದ್ಧವಾದ ಇನ್ನೊಂದು ಬಟ್ಟೆಯಿಂದ ಒತ್ತಿ ಹಿಡಿದೆ. ಮಳೆ ಜೋರಾಗಿ ಸುರಿಯುತ್ತಿತ್ತು. ಯಾರೂ ಮಾತಾಡಲಿಲ್ಲ. ಹನ್ನೊಂದನೇ ನಿಮಿಷಕ್ಕೆ ಮೆಲ್ಲನೆ ಬಿಡಿಸಿದರೆ ಸೀಳಿನ ಅಂಚಿನಲ್ಲಿ ಕಡುಕೆಂಪು ಗೆರೆಯೊಂದು ಹೊಳೆಯುತ್ತಾ ನಿಂತಿತ್ತು, ಒಂದು ಹನಿಯೂ ಹೊರಗೆ ಬರಲಿಲ್ಲ. ಅಕ್ಕ ಒದ್ದೆ ಬಟ್ಟೆ ತಂದು ಅದನ್ನು ಒರೆಸಿ ತೆಗೆಯಲು ಕೈ ಚಾಚಿದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

"ಅದು ಕೊಳೆಯಲ್ಲ ಅಕ್ಕಾ, ಬಿಡು" ಎಂದೆ. ಹಾಗೆಯೇ ಮೇಲೆ ಪಟ್ಟಿ ಸುತ್ತಿ ಹೊಲಿಗೆ ಹಾಕಿಸಲು ಕರೆದುಕೊಂಡು ಹೋದೆವು.