ಸಹಿ ಹಾಕಲಿಲ್ಲ ಅಂತ ಬೈದವರಿಗೆ

ಹೋದ ವಾರ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಒಬ್ಬ ಹುಡುಗ ಚಿತ್ರವೊಂದನ್ನು ಹಾಕಿದ. ನಾನು ಮೂವತ್ತು ವರ್ಷದಿಂದ ಓಟು ಹಾಕುತ್ತಾ ಬಂದ ಪಕ್ಷದ ನಾಯಕರನ್ನು ಕೋಡಂಗಿ ಮಾಡಿದ ಚಿತ್ರ. ನೋಡಿ ಮೈ ಉರಿಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ನಮ್ಮ ಕಡೆಯ ನಾಲ್ಕು ಜನ ಮನೆಗೆ ಬಂದರು. ಠಾಣೆಗೆ ಕೊಡೋ ದೂರನ್ನು ಬರೆದುಕೊಂಡೇ ಬಂದಿದ್ದರು, ಸಹಿ ಮಾತ್ರ ಬಾಕಿ. ಕಾಫಿ ಕೊಟ್ಟೆ. ಸಹಿ ಕೊಡಲಿಲ್ಲ.

ಅವತ್ತಿಂದ ‘ಇವನೂ ಆ ಕಡೆ ವಾಲಿದ’ ಅಂತ ಸುದ್ದಿ. ವಾಲಿಲ್ಲ ಮಾರಾಯ್ರೆ. ಬರೋ ಚುನಾವಣೆಯಲ್ಲೂ ನನ್ನ ಓಟು ಎಲ್ಲಿಗೆ ಅಂತ ನಿಮಗೇ ಗೊತ್ತು.

ನಾನು ಬೆಳೆದದ್ದು ಅಡಕೆ ಸುಲಿಯೋ ಜಗುಲಿಯ ಮೇಲೆ. ಕೊನೆಕೊಯ್ಲು ಶುರುವಾದರೆ ರಾತ್ರಿ ಹನ್ನೆರಡರವರೆಗೂ ಮೆಟ್ಟುಗತ್ತಿ ಮೇಲೆ ಸಾಲಾಗಿ ಜನ. ನಮ್ಮ ದೊಡ್ಡಪ್ಪ ಶಾಂತವೇರಿ ಗೋಪಾಲಗೌಡರ ಭಾಷಣ ಕೇಳಿ ಸಮಾಜವಾದಿ ಆದವರು, ಗೇಣಿದಾರರು ಒಡೆಯರ ವಿರುದ್ಧ ನಡೆಸಿದ ಕಾಗೋಡು ಸತ್ಯಾಗ್ರಹದ ಸುದ್ದಿ ತೆಗೆದರೆ ಕೈ ನಿಂತುಬಿಡೋದು. ಅವರ ಪಕ್ಕದಲ್ಲೇ ಕೆಳಮನೆಯ ಅಜ್ಜ, ಅಪ್ಪಟ ಜನಸಂಘ. ಇಬ್ಬರೂ ಬಯ್ದಾಡಿಕೊಂಡ ಬೈಗುಳ ಇವತ್ತು ಯಾರಾದರೂ ಪೋಸ್ಟ್ ಮಾಡಿದರೆ ಹತ್ತು ಕೇಸು ಆಗಬಹುದು. ಬೆಳಿಗ್ಗೆ ಎದ್ದರೆ ಚೊಗರು ಹತ್ತಿದ ಅದೇ ಕೈಯಲ್ಲಿ ಎಲೆಯಡಕೆ ಹಂಚಿಕೊಳ್ಳೋರು. ಈಗ ಸುಲಿಯೋ ಮೆಷಿನ್ ಬಂದಿದೆ. ಅದರ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳಲ್ಲ, ಹಾಗಾಗಿ ಜಗಳವೆಲ್ಲ ಫೋನಿನೊಳಗೆ ಹೋಗಿ ಕೂತಿದೆ.

ತುರ್ತು ಪರಿಸ್ಥಿತಿ ಬಂದಾಗ ಅವರಿಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರಂತೆ. 1975ರ ಜೂನ್ 26ಕ್ಕೆ ಬೆಂಗಳೂರಿನಲ್ಲಿ ಜನಸಂಘದ ವಾಜಪೇಯಿ, ಅಡ್ವಾಣಿ ಅವರನ್ನೂ ಸಮಾಜವಾದಿ ಮಧು ದಂಡವತೆಯವರನ್ನೂ ಹಿಡಿದು ಒಂದೇ ಜೈಲಿಗೆ ಹಾಕಿದ್ದರು. ಆ ವರ್ಷ ಸುಲಿಯೋ ಜಗುಲಿಯಲ್ಲಿ ಬರೀ ಮಳೆ ಮತ್ತು ಕೊಳೆರೋಗದ ಮಾತು ಅಂತ ದೊಡ್ಡಪ್ಪ ಹೇಳೋರು.

ಇನ್ನೂ ಹಿಂದಿನ ಕಥೆಯೊಂದಿದೆ, ಅದನ್ನು ನಮ್ಮ ಎರಡೂ ಕಡೆಯವರು ಮರೆತಿದ್ದಾರೆ. ಕಮ್ಯುನಿಸ್ಟ್ ಒಲವಿನ ‘ಕ್ರಾಸ್ ರೋಡ್ಸ್’ ಅನ್ನೋ ವಾರಪತ್ರಿಕೆ ತನ್ನ ರಾಜ್ಯದೊಳಗೆ ಬರಬಾರದು ಅಂತ ಆಗಿನ ಮದ್ರಾಸ್ ಸರ್ಕಾರ ತಡೆಯಿತು. ದೆಹಲಿಯಲ್ಲಿ ಸಂಘದ ವಿಚಾರದ ‘ಆರ್ಗನೈಸರ್’ಗೆ, ಅಚ್ಚು ಹಾಕೋ ಮೊದಲು ಅಧಿಕಾರಿಗೆ ತೋರಿಸಿ ಅನ್ನೋ ಆದೇಶ ಬಂತು. ಎರಡೂ ಪತ್ರಿಕೆಯವರು ಸುಪ್ರೀಂ ಕೋರ್ಟಿಗೆ ಹೋದರು. 1950ರ ಮೇ 26ರಂದು, ಒಂದೇ ದಿನ, ಇಬ್ಬರೂ ಗೆದ್ದರು. ಎರಡೂ ತೀರ್ಪು ಬರೆದವರು ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ. ಕೆಂಬಾವುಟದವರು ಸೋತಿದ್ದರೆ ಭಗವಾಧ್ವಜದವರು ಯಾವ ಆಧಾರದ ಮೇಲೆ ಗೆಲ್ಲಬೇಕಿತ್ತು? ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಹಾಕೋ 19(2)ನೇ ವಿಧಿಯೊಳಗೆ ‘ಸಾರ್ವಜನಿಕ ಸುವ್ಯವಸ್ಥೆ’ ಅನ್ನೋ ಕಾರಣವನ್ನೂ ಸೇರಿಸಿದರು. ಸಂಸತ್ತಿನಲ್ಲಿ ಅದನ್ನು ಗಟ್ಟಿಯಾಗಿ ವಿರೋಧಿಸಿದವರು, ಮುಂದೆ ಜನಸಂಘ ಕಟ್ಟಿದ ಶ್ಯಾಮಾ ಪ್ರಸಾದ್ ಮುಖರ್ಜಿ. ದೂರು ಹಿಡಿದು ಬಂದ ನಮ್ಮ ಕಡೆಯ ಹುಡುಗರು ಇದನ್ನೊಂದು ಸಲ ಓದಿಕೊಳ್ಳಲಿ.

ನನ್ನದೂ ಒಂದು ತಪ್ಪಿದೆ. ಕೆಲವು ವರ್ಷದ ಹಿಂದೆ ಆ ಕಡೆಯವನೊಬ್ಬನ ಮೇಲೆ ಕೇಸಾದಾಗ ನಾನು ನಗೋ ಇಮೋಜಿ ಹಾಕಿದ್ದೆ. ಆರು ತಿಂಗಳೊಳಗೆ ಅಂಥದ್ದೇ ದೂರಿನ ಮೇಲೆ ನನ್ನ ತಂಗಿ ಮಗನನ್ನು ಕರೆಸಿದರು. ಬೆಳಿಗ್ಗೆ ಹೋದವನನ್ನು ರಾತ್ರಿವರೆಗೂ ಬೆಂಚಿನ ಮೇಲೆ ಕೂರಿಸಿದ್ದರು. ಕೊನೆಗೆ ಕೇಸೂ ಆಗಲಿಲ್ಲ. ಆದರೆ ಅವನು ಇವತ್ತಿಗೂ ‘ಶುಭೋದಯ’ ಬಿಟ್ಟು ಬೇರೇನೂ ಬರೆಯಲ್ಲ.

‘ಹಾಗಾದರೆ ಏನು ಬೇಕಾದರೂ ಬರೀಬಹುದಾ?’ ಅಂತ ಕೇಳಿದಿರಿ. ಇಲ್ಲ. ಶಿವಮೊಗ್ಗದಲ್ಲಿ ಮನೆ ಮಾಡಿದ್ದವನು ನಾನು. ಗಾಂಧಿ ಬಜಾರಿನಲ್ಲಿ ಹಗಲು ಹೊತ್ತಿನಲ್ಲೇ ಅಂಗಡಿಗಳ ಶಟರ್ ಒಂದರ ಹಿಂದೊಂದು ಬೀಳೋ ಸದ್ದು, ನಿಷೇಧಾಜ್ಞೆಯ ದಿನಗಳಲ್ಲಿ ಹಾಲಿನ ಪ್ಯಾಕೆಟ್ಟಿಗೆ ಪರದಾಡಿದ್ದು, ಎರಡೂ ಗೊತ್ತು. ‘ಇಂಥವರ ಅಂಗಡಿಗೆ ನುಗ್ಗಿ’ ಅಂತ ಬರೆದವನ ಮೇಲೆ ದೂರು ಕೊಡೋದಾದರೆ ಮೊದಲ ಸಹಿ ನನ್ನದೇ, ಅವನು ನಮ್ಮ ಪಕ್ಷದವನಾದರೂ. 2015ರಲ್ಲಿ, ಆನ್‌ಲೈನಿನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಜೈಲು ಅನ್ನೋ ಐಟಿ ಕಾಯ್ದೆಯ 66ಎ ಕಲಮನ್ನು ಹೊಡೆದುಹಾಕುವಾಗ ಸುಪ್ರೀಂ ಕೋರ್ಟ್ ಎಳೆದ ಗೆರೆಯೂ ಅದೇ. ಚರ್ಚೆ ಮಾಡೋದು, ವಾದಿಸೋದು ಒಂದು, ಪ್ರಚೋದಿಸೋದು ಬೇರೆ. ಆ ಕಲಮಿನಡಿ 2012ರಲ್ಲಿ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಹಿಡಿದಿದ್ದರು. ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದರ ಬಗ್ಗೆ ಒಬ್ಬಳು ಬರೆದಿದ್ದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದ್ದಳು. ಅಷ್ಟೇ.

ನದಿ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟ್ ಮಾಡೋ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಡ ಅಂತ ನಮ್ಮ ಕಡೆಯವರೂ ಆ ಕಡೆಯವರೂ ಒಟ್ಟಿಗೆ ನಿಂತು ಕೂಗುತ್ತಿದ್ದೀರಲ್ಲ. ‘ಇವರು ಅಭಿವೃದ್ಧಿ ವಿರೋಧಿಗಳು, ಬಾಯಿ ಮುಚ್ಚಿಸಿ’ ಅಂತ ನಾಳೆ ಯಾರೋ ದೂರು ಕೊಟ್ಟರೆ ಯಾರ ಮನೆಗೆ ಸಹಿ ಕೇಳೋಕೆ ಹೋಗ್ತೀರಿ?

ಮೊನ್ನೆ ಆ ಹುಡುಗ ಸುಲಿಯೋ ಮೆಷಿನ್ನಿನ ಬೆಲ್ಟ್ ಕೇಳಿಕೊಂಡು ಬಂದ.

‘ಮಾವ, ನೀವು ಸಹಿ ಹಾಕ್ಲಿಲ್ವಂತೆ?’

‘ಹೂಂ.’

‘ಹಂಗಾದ್ರೆ ನಾ ಹಾಕಿದ್ದು ಸರಿ ಅಂತಾಯ್ತು.’

‘ಎಂತ ಸರಿ ಮಾರಾಯ? ಹಸಿ ಸುಳ್ಳು ಅದು, ಕೂತ್ಕೋ’ ಅಂದೆ.

ಕೂತ. ಮೆಷಿನ್ ನಿಲ್ಲಿಸಿದೆ. ಎರಡು ಸಲ ಕಾಫಿಯಾಯ್ತು, ಕತ್ತಲಾಯ್ತು, ಇಬ್ಬರೂ ಒಂದಿಂಚೂ ಜಗ್ಗಲಿಲ್ಲ. ಸಿಟ್ಟಿನಲ್ಲಿ ಎದ್ದು ಹೋದವನು ಬೆಲ್ಟ್ ಇಲ್ಲೇ ಬಿಟ್ಟಿದ್ದಾನೆ. ಗುಂಪಿನಲ್ಲಿ ಇರೋರು ಯಾರಾದರೂ ಅವನಿಗೆ ಹೇಳಿ.