ಮಗನ ಬಾಯಲ್ಲಿ ಬಿಳಿ ಕಂಡರೆ ಅಪ್ಪ-ಅಮ್ಮನ ಬಾಯನ್ನೂ ನೋಡಿ

ಹರೆಯದ ಹುಡುಗರ ಕೆನ್ನೆಯೊಳಗೆ ಬಿಳಿ ಕಂಡರೆ ಸಾಕು, "ಗುಟ್ಕಾ ಹಾಕ್ತೀಯೇನೋ?" ಅಂತ ಎಲ್ಲರೂ ಮೇಲೆ ಬೀಳ್ತಾರೆ. ಹಲ್ಲಿನ ಡಾಕ್ಟರಾಗಿ ಆ ಪ್ರಶ್ನೆ ನಾನೂ ಕೇಳ್ತೀನಿ, ಕೇಳಲೇಬೇಕು. ಹೊಗೆಸೊಪ್ಪು, ಅಡಿಕೆ ಎಷ್ಟು ಮನೆ ಹಾಳು ಮಾಡಿವೆ ಅಂತ ದಿನಾ ನೋಡ್ತಿದ್ದೀನಿ. ಆದರೆ ಹುಡುಗ ಇಲ್ಲ ಅಂತ ಗೋಗರೆದರೂ ನಂಬದೆ ಅವನನ್ನ ಕಳ್ಳನ ಥರ ನಿಲ್ಲಿಸೋದು ಅನ್ಯಾಯ.

ಪಿಯುಸಿ ಓದೋ ಒಬ್ಬ ಹುಡುಗನನ್ನ ಅವನಪ್ಪ ಹೀಗೇ ಎಳ್ಕೊಂಡು ಬಂದಿದ್ರು. ಮನೇಲಿ ಆಗಲೇ ಏಟು ಬಿದ್ದಿತ್ತು. ಎರಡೂ ಕೆನ್ನೆಯೊಳಗೆ ನೆನೆದ ಸ್ಪಂಜಿನ ಹಾಗೆ ದಪ್ಪಗೆ, ನೆರಿಗೆ ನೆರಿಗೆಯಾಗಿ ಬಿಳಿ. ಗಾಜ್ ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಫಂಗಸ್ ಆಗಿದ್ರೆ ಸಾಮಾನ್ಯವಾಗಿ ಎದ್ದು ಬರುತ್ತೆ. ನೋವಿಲ್ಲ, ಉರಿಯಿಲ್ಲ, ಬಾಯಿ ಸಲೀಸಾಗಿ ತೆರೀತಿದ್ದ. "ಯಜಮಾನ್ರೇ, ನೀವೂ ಒಂಚೂರು ಕೂತ್ಕೊಳ್ಳಿ" ಅಂದೆ. ಅವರಿಗೂ ಅದೇ ಬಿಳಿ, ಎರಡೂ ಕಡೆ. ಕನ್ನಡಿ ಕೊಟ್ಟೆ. ಅವರು ಯಾವತ್ತೂ ತಮ್ಮ ಕೆನ್ನೆಯೊಳಗೆ ನೋಡ್ಕೊಂಡೇ ಇರಲಿಲ್ಲ. ಮಗನ ಮುಖ ನೋಡೋಕೆ ಅವರಿಂದ ಆಗಲಿಲ್ಲ. ಕೆನ್ನೆಯೊಳಗಿನ ಒಂದು ಚೂರು ತೆಗೆದು ಪರೀಕ್ಷೆ ಮಾಡೋ ಬಯಾಪ್ಸಿಯಲ್ಲೂ ನಾನು ಅಂದ್ಕೊಂಡಿದ್ದೇ ಬಂತು.

ಇದು ವೈಟ್ ಸ್ಪಾಂಜ್ ನೀವಸ್, ಅಂದ್ರೆ ಬಾಯಿಯ ಒಳಪೊರೆ ಸ್ಪಂಜಿನ ಹಾಗೆ ಬಿಳಿಯಾಗೋ, ವಂಶದಲ್ಲಿ ಬರೋ ಸ್ಥಿತಿ. ಅಪರೂಪದ್ದು. 1935ರಲ್ಲಿ ಕ್ಯಾನನ್ ಅನ್ನೋ ವೈದ್ಯರು ಇದನ್ನ ವಿವರಿಸಿ ಹೆಸರಿಟ್ಟರು. ಬಾಯಿಯ ಒಳಪೊರೆಗೆ ಬಲ ಕೊಡೋ ಕೆರಾಟಿನ್ 4 ಅಥವಾ ಕೆರಾಟಿನ್ 13 ಅನ್ನೋ ಪ್ರೋಟೀನಿನ ಜೀನ್‌ನಲ್ಲಿ ಆಗೋ ವ್ಯತ್ಯಾಸ ಇದಕ್ಕೆ ಕಾರಣ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರೋ ಸಾಧ್ಯತೆ ಶೇ. 50. ಹುಟ್ಟುವಾಗಲೇ ಇರಬಹುದು, ಹರೆಯಕ್ಕೆ ಬಂದಾಗ ಕಾಣಿಸಬಹುದು. ಅಂಟೋದಿಲ್ಲ, ಕ್ಯಾನ್ಸರ್ ಆಗಿ ತಿರುಗೋದೂ ಇಲ್ಲ. ಔಷಧಿಯೂ ಬೇಕಿಲ್ಲ. ಬ್ರಷ್ಷಲ್ಲಿ ಉಜ್ಜಿ ತೆಗೆಯೋಕೆ ಹೋಗಿ ಗಾಯ ಮಾಡ್ಕೋಬೇಡಿ. ಇದನ್ನ ಹಿಡ್ಕೊಂಡು ಹೆಣ್ಣುಮಕ್ಕಳ ಮದುವೆ ಮಾತುಕತೆ ನಿಲ್ಲಿಸೋದಂತೂ ಬೇಡವೇ ಬೇಡ.

ಹಾಗಂತ ಬಿಳಿ ಕಂಡದ್ದೆಲ್ಲ ಇದೇ ಅಂದ್ಕೊಂಡು ಮನೇಲಿ ಕೂರಬೇಡಿ. ಒಂದೇ ಕಡೆ ಇದ್ರೆ, ಕೆಂಪು ಸೇರಿದ್ರೆ, ಹುಣ್ಣು ಎರಡು ವಾರ ಆದರೂ ಮಾಯದಿದ್ರೆ ತಡ ಮಾಡದೆ ತೋರಿಸಿ. ಹೊಗೆಸೊಪ್ಪು ಹಾಕೋರಂತೂ ತೋರಿಸಲೇಬೇಕು.

ನನ್ನ ಜೊತೆಯ ಡಾಕ್ಟರುಗಳಿಗೆ ಒಂದು ಕೋರಿಕೆ. ರೋಗದ ಹೆಸರನ್ನ ಚೀಟಿಯಲ್ಲಿ ಬಿಡಿಸಿ ಬರೆದು ಕೊಡಿ, ಬಯಾಪ್ಸಿ ರಿಪೋರ್ಟ್ ಜೋಪಾನವಾಗಿಡೋಕೆ ಹೇಳಿ. ಇಲ್ಲದಿದ್ರೆ ಆ ಹುಡುಗ ಮುಂದೆ ಬೇರೆ ಊರಲ್ಲಿ ಹಲ್ಲು ತೋರಿಸೋಕೆ ಹೋದಾಗ ಅದೇ ಅನುಮಾನ, ಅದೇ ವಿಚಾರಣೆ ಮತ್ತೆ ಶುರುವಾಗುತ್ತೆ.