ನಾಲ್ಕಾಣೆಯ ಕೋಳಿಮರಿ

ಅಪ್ಪನ ಟ್ರಂಕು ತೆಗೆದಾಗ ಜಿರಳೆಗಳ ಜೊತೆ ಒಂದು ಹಳೇ ಡೈರಿ ಸಿಕ್ಕಿತು. ಒಳಗೆ ಸ್ಟಾಂಪಿನ ಹಾಳೆಗಳು. ಒಂದನ್ನೂ ಬಳಸಿರಲಿಲ್ಲ. ಮೊಟ್ಟೆಯೊಡೆದು ಇಣುಕುವ ಕೋಳಿಮರಿಯ ಚಿತ್ರ, 25 ಪೈಸೆ. 1979ರ ಸುಮಾರಿಗೆ ಬಂದ ಸರಣಿ ಅದು. ಅದರಲ್ಲೇ 5 ಪೈಸೆಗೆ ಮೀನು, ಒಂದು ರೂಪಾಯಿಗೆ ಹತ್ತಿ ಇದ್ದವು. ಅಪ್ಪ ಮಾತ್ರ ಹತ್ತಿ ಬಿಟ್ಟು ಕೋಳಿಯನ್ನೇ ಕೂಡಿಟ್ಟಿದ್ದರು. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ನಮ್ಮ ಮನೆಯಲ್ಲಿ ಇಷ್ಟು ವರ್ಷ ಇಷ್ಟೊಂದು ಕೋಳಿ ಅಡಗಿತ್ತು!

ನಮ್ಮ ಗೃಹಪ್ರವೇಶ ಹತ್ತಿರವಿತ್ತು. ಎಲ್ಲರನ್ನೂ ವಾಟ್ಸಾಪಿನಲ್ಲೇ ಕರೆದಾಗಿತ್ತು. ಆದರೆ ಸಾಗರದ ಸೋದರಮಾವನೂ ಸೇರಿ ನಾಲ್ಕು ಜನ ಹಿರಿಯರಿದ್ದಾರೆ. ಅವರಿಗೆ ಕಾಗದ ಕೈಗೆ ಬರದಿದ್ದರೆ ಕರೆದ ಲೆಕ್ಕವೇ ಅಲ್ಲ. ಈ ಸ್ಟಾಂಪು ನಡೆಯುತ್ತಾ ಅಂತ ಕೇಳಲು ಪೋಸ್ಟಾಫೀಸಿಗೆ ಹೋದೆ.

ಕೌಂಟರಿನಲ್ಲಿದ್ದವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಡೆಯುತ್ತೆ ಸಾರ್. ಹರಿದಿರಬಾರದು, ಸೀಲು ಬಿದ್ದಿರಬಾರದು. ಎಲ್ಲ ಕೂಡಿಸಿದ್ರೆ ದುಡ್ಡು ಸರಿ ಹೋಗಬೇಕು, ಅಷ್ಟೇ" ಅಂದರು.

ನೋಡಿ, ನಾಲ್ಕಾಣೆ ನಾಣ್ಯದ ಕಥೆ 2011ರ ಜೂನ್ 30ಕ್ಕೇ ಮುಗಿಯಿತು. ಅದನ್ನು ಈಗ ದೇವರ ಹುಂಡಿಗೆ ಹಾಕಲೂ ಸಂಕೋಚ. ನಾಲ್ಕಾಣೆಯ ಕಾಗದದ ಚೂರಿಗೆ ಮಾತ್ರ ಇನ್ನೂ ಮರ್ಯಾದೆ! ಅದೇ ಹುಮ್ಮಸ್ಸಿನಲ್ಲಿ ಡೈರಿಯಲ್ಲಿದ್ದ ಇನ್ನೊಂದನ್ನೂ ಮುಂದೆ ಚಾಚಿದೆ. ರಾಜನ ತಲೆ ಇದ್ದ ಎರಡಾಣೆ ಸ್ಟಾಂಪು. "1957ರಲ್ಲೇ ಆಣೆ ಹೋಯ್ತಲ್ವಾ ಸಾರ್, ಇದನ್ನ ಯಾವ ಲೆಕ್ಕಕ್ಕೆ ಹಿಡೀಲಿ? ಸುಮ್ನೆ ಆಲ್ಬಮ್ಮಿನಲ್ಲಿಡಿ." ರಾಜರು ಡೈರಿಗೆ ಮರಳಿದರು.

20 ಗ್ರಾಂವರೆಗಿನ ಕಾಗದಕ್ಕೆ 5 ರೂಪಾಯಿ. ಅಂದರೆ ಕವರಿಗೆ ಇಪ್ಪತ್ತು ಕೋಳಿಮರಿ. ಆಮಂತ್ರಣವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. 19 ಗ್ರಾಂ. ಬಚಾವ್.

"ರೀ, ಇಪ್ಪತ್ತು ರೂಪಾಯಿ ಉಳಿಸೋಕೆ ಇಡೀ ಭಾನುವಾರ ಹಾಳು ಮಾಡ್ತೀರಾ?" ಎಂದಳು ಹೆಂಡತಿ.

"ದುಡ್ಡಿನ ಪ್ರಶ್ನೆ ಅಲ್ಲ" ಅಂದೆ. ದುಡ್ಡಿನದೇ ಆಗಿತ್ತು.

ಹಾಳೆಗಳು ಮಲೆನಾಡಿನ ನಲವತ್ತು ಮಳೆಗಾಲ ಕಂಡಿದ್ದವು. ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬೋಗುಣಿಯ ನೀರಲ್ಲಿ ನೆನೆಸಿದೆ. ಹಾಳೆ ಬಿಟ್ಟುಕೊಂಡಿತು, ಜೊತೆಗೆ ಅಂಟೂ ಬಿಟ್ಟುಹೋಯಿತು. ಎಂಬತ್ತು ಮರಿಗಳನ್ನು ಪೇಪರಿನ ಮೇಲೆ ಹಪ್ಪಳದ ಹಾಗೆ ಒಣಹಾಕಿದೆ. ಒಣಗುವ ಹೊತ್ತಿಗೆ ಸರಿಯಾಗಿ ಮಗಳು ಬಂದವಳೇ ಫ್ಯಾನ್ ಹಾಕಿದಳು. ಕೋಳಿ ಹೆಚ್ಚು ದೂರ ಹಾರುವುದಿಲ್ಲ ಅನ್ನುತ್ತಾರಲ್ಲ, ಸುಳ್ಳು. ಒಂದು ಸಾರಿನ ಪಾತ್ರೆಯಲ್ಲಿ ಸಿಕ್ಕಿತು.

ಮನೆಯಲ್ಲಿ ಗಮ್ ಇರಲಿಲ್ಲ. ಮಧ್ಯಾಹ್ನದ ಅನ್ನ ಇತ್ತು. ಅಪ್ಪನ ಕಾಲದ ಸ್ಟಾಂಪಿಗೆ ಅಪ್ಪನ ಕಾಲದ ಅಂಟು! ಅಗುಳು ಹಿಸುಕಿ ಹಿಸುಕಿ, ಒಂದೊಂದನ್ನೇ ಅಂಟಿಸಿದೆ. ವಿಳಾಸಕ್ಕೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಒಣಗಿದ ಮೇಲೆ ಕವರು ಚಕ್ಕುಲಿಯಷ್ಟು ಗಟ್ಟಿಯಾಗಿತ್ತು. ಡಬ್ಬಿಗೆ ಹಾಕಿದಾಗ ದಡ್ ಅಂತ ಸದ್ದು ಬಂತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾಲ್ಕನೇ ದಿನ ಮಾವನ ಫೋನು. "ಏನೋ, ಶುಭಕಾರ್ಯದ ಕಾಗದಕ್ಕೆ ಸ್ಟಾಂಪು ಸಾಲದೆ ಬೇರಿಂಗ್ ಕಳಿಸಿದ್ದೀಯಲ್ಲ!"

"ಇಪ್ಪತ್ತು ಸ್ಟಾಂಪು ಅಂಟಿಸಿದ್ದೆ ಮಾವ!"

"ಇಪ್ಪತ್ತೂ ಇವೆ, ಎಣಿಸಿದೆ. ತೂಕ 22 ಗ್ರಾಂ ಬಂತಂತೆ. 5 ರೂಪಾಯಿ ಕಮ್ಮಿ, ಅದರ ಎರಡರಷ್ಟು ನನ್ನ ಹತ್ತಿರ ವಸೂಲು ಮಾಡಿಕೊಂಡು ಹೋದ ಪೋಸ್ಟ್‌ಮ್ಯಾನ್."

ನಾನು ತೂಗಿದ್ದು ಅಂಟಿಸುವ ಮೊದಲು. ಕೋಳಿಯ ತೂಕ, ಅನ್ನದ ತೂಕ ಎರಡನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂರು ಹೊತ್ತು ಸಂಧ್ಯಾವಂದನೆ ಮಾಡುವ ಮಾವನಿಗೆ ಕೋಳಿ ಅನ್ನ ಪಾರ್ಸಲ್ ಮಾಡಿದಂತಾಯಿತು. ಅದೂ ಅವರದೇ ಖರ್ಚಿನಲ್ಲಿ.

ಉಳಿದ ಮೂವರು ಫೋನೂ ಮಾಡಲಿಲ್ಲ, ಗೃಹಪ್ರವೇಶಕ್ಕೂ ಬರಲಿಲ್ಲ. ಮಾವ ಬಂದರು. ಎರಡು ಸಲ ಹೋಳಿಗೆ ಹಾಕಿಸಿಕೊಂಡರು, ಮುಯ್ಯಿ ಕವರನ್ನು ನನ್ನ ಕೈಗೇ ಕೊಟ್ಟು ಬೆನ್ನು ತಟ್ಟಿದರು. ರಾತ್ರಿ ಒಡೆದು ನೋಡಿದೆ. ನಮ್ಮ ಮನೆಯ ಕಾರ್ಯಗಳಿಗೆಲ್ಲ ಮಾವ ಹಾಕುವುದು 501.

ಒಳಗೆ 491 ಇತ್ತು.